ಬಾರಿನ ಹಲಗೆಗೆ ಬರೆದ ಷರಾ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಹಲಗೆ ಹದಿನಾಲ್ಕು ಅಡಿ ಉದ್ದವಿತ್ತೆಂದು ನನ್ನ ನೆನಪು, ಹನ್ನೆರಡೂ ಇದ್ದಿರಬಹುದು. ನಾವು ಬಾರಿಗೆ ಹೋದದ್ದು ಶ್ರಾವಣದ ಎರಡನೇ ವಾರವೆಂದು ಬರೆಯಲಿದ್ದೇನೆ, ಆದರೆ ಆಗ ನನಗೆ ಡೈರಿಯಲ್ಲಿ ತಾರೀಖು ಹಾಕುವ ಅಭ್ಯಾಸವಿರಲಿಲ್ಲ, ವಾರ ಮಾತ್ರ ಬರೆಯುತ್ತಿದ್ದೆ. ಆ ಮಂಗಳವಾರದ ಕೆಳಗೆ ಇರುವುದು ಇಷ್ಟೇ: "ಬಾರಿನ ಎಸ್ಟಿಮೇಟ್ ಆಯಿತು. ಮಳೆ. ಕೈ ಇನ್ನೂ ಅಂಟಂಟು." ಡೈರಿ ಬರೆಯುವವರು ಏನನ್ನೂ ಮರೆಯುವುದಿಲ್ಲವೆಂದು ಜನ ತಿಳಿಯುತ್ತಾರೆ. ಹದಿನಾರನೇ ವಯಸ್ಸಿನಿಂದ ಬರೆಯುತ್ತಿರುವ ನನಗೆ ಗೊತ್ತು, ಬರೆಯಬೇಕಾದ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದು ದಿನ ದಾಟಿಸಲು ಅದರಷ್ಟು ಅನುಕೂಲದ ವಸ್ತು ಬೇರೊಂದಿಲ್ಲ.

ಅಂಟಿನ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಕಳೆದ ತಿಂಗಳು ಗಾಣಗಾಪುರದಲ್ಲಿ ಅದು ಮತ್ತೆ ಅಂಗೈಗೆ ಬಂತು. ನಾನೀಗ ಅಫಜಲಪುರದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಸಹೋದ್ಯೋಗಿಯೊಬ್ಬರ ಅತ್ತೆ ಮಾವ ಸೊಲ್ಲಾಪುರದಿಂದ ದತ್ತನ ದರ್ಶನಕ್ಕೆ ಬರುವವರಿದ್ದರು, ಅವರಿಗೆ ರೂಮು ನೋಡಲು ಒಂದು ಲಾಡ್ಜಿಗೆ ಹೋಗಿದ್ದೆ. ಬಾಗಿಲ ಬಳಿಯ ಕಟ್ಟಿಗೆಯ ಕೌಂಟರಿಗೆ ಒಬ್ಬ ಮಿಸ್ತ್ರಿ ಪಾಲಿಶ್ ಹಚ್ಚುತ್ತಿದ್ದ. ಸ್ಪಿರಿಟ್ಟಿನಲ್ಲಿ ಕರಗಿದ ಅರಗಿನ ವಾಸನೆ ಮೂಗಿನಿಂದ ಇಳಿದು ಗಂಟಲಲ್ಲಿ ನಿಂತಿತು. ಮ್ಯಾನೇಜರು ಹೊಸ ಗಾದಿಗಳ ಬಗ್ಗೆ ಏನೋ ಹೇಳುತ್ತಿದ್ದರು. ನಾನು ಹೊರಗೆ ಬಂದು ತೆಂಗಿನಕಾಯಿ ಅಂಗಡಿಯವನ ಬಕೆಟ್ಟಿನ ನೀರಿನಲ್ಲಿ ಕೈ ತೊಳೆದೆ, ಎರಡು ಸಲ. ನಾನು ಏನನ್ನೂ ಮುಟ್ಟಿರಲಿಲ್ಲ.

ಆ ಮಳೆಗಾಲ ಒಂಬತ್ತು ಅಥವಾ ಹತ್ತು ವರ್ಷದ ಹಿಂದಿನದು. ಕಲಬುರಗಿಯಲ್ಲಿ ಎಂ.ಎ. ಮುಗಿಸಿ ಮಾದನಹಿಪ್ಪರಗಾದ ನಮ್ಮ ಮನೆಗೆ ಬಂದಿದ್ದೆ. ಲೆಕ್ಚರರ್ ಹುದ್ದೆಯ ಪರೀಕ್ಷೆಗೆ ಓದಬೇಕಿತ್ತು, ಮನೆಯಲ್ಲಿ ಅಣ್ಣನ ಮದುವೆಯ ತಯಾರಿ ನಡೆದಿತ್ತು, ಓದಲು ಮೂಲೆಯಿರಲಿಲ್ಲ. ಜೇವರ್ಗಿಯಲ್ಲಿ ನನ್ನ ಸೋದರಮಾವ ಶರಣಪ್ಪ ಮಾವನ ಮನೆಯ ಮಾಳಿಗೆಯ ಕೋಣೆ ಖಾಲಿ ಇತ್ತು. ಮಾವನಿಗೆ ಕಟ್ಟಿಗೆ ಕೆಲಸದ ಕಾರ್ಖಾನೆ. ಮನೆಯ ಹಿಂದೆಯೇ ತಗಡಿನ ಶೆಡ್ಡು. ಬಾಗಿಲು, ಮಂಚ, ದೇವರ ಮನೆಯ ಮಂಟಪ, ಮಠಗಳಿಗೆ ಪೀಠ. ಮಾವ ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡೇ ಶೆಡ್ಡಿಗೆ ಇಳಿಯುವವರು. ಶ್ರಾವಣ ಬಂದರೆ ಸಂಜೆ ಆರಕ್ಕೆ ಮಠದ ಪ್ರವಚನದಲ್ಲಿ ಮೊದಲ ಸಾಲು. ಊರಲ್ಲಿ ಅವರಿಗೆ ಮರ್ಯಾದೆ ಇತ್ತು. ನನಗೂ ಅವರ ಮೇಲೆ ಪ್ರೀತಿಯಿತ್ತು, ಅದನ್ನು ಈಗ ಅಲ್ಲವೆನ್ನಲು ಬರುವುದಿಲ್ಲ.

ನಾನು ಹೋದ ಎರಡನೇ ದಿನಕ್ಕೇ ಅವರು ನನ್ನ ಕೈಗೆ ಲೆಟರ್‌ಹೆಡ್ಡಿನ ಕಟ್ಟು ಕೊಟ್ಟರು. "ಎಸ್ಟಿಮೇಟ್ ಇನ್ನ ಮ್ಯಾಲ ನೀನೇ ಬರಿ ಬೇ. ನನ್ನ ಅಕ್ಷರ ನೋಡಿದ್ರ ಗಿರಾಕಿ ರೇಟ್ ಕಡಿಮಿ ಕೇಳ್ತಾನ." ನನಗೆ ಹಿಗ್ಗಾಯಿತು. ಎಂ.ಎ. ಪ್ರಬಂಧಕ್ಕಾಗಿ ನಿಜಾಮನ ಕಾಲದ ಕಂದಾಯದ ಕಾಗದಗಳನ್ನು ತಿರುವಿ ಹಾಕಿದವಳು ನಾನು. ಅದೇ ಮಾದರಿಯಲ್ಲಿ ಗೆರೆ ಎಳೆದೆ. ಕ್ರಮ ಸಂಖ್ಯೆ, ಕೆಲಸದ ವಿವರ, ಅಳತೆ, ದರ, ಮೊತ್ತ. ಕೊನೆಗೆ ಒಂದು ಅಗಲ ಕಾಲಂ ಬಿಟ್ಟು ಮೇಲೆ "ಷರಾ" ಎಂದು ಬರೆದೆ. ಕಟ್ಟಿಗೆಯ ಎಸ್ಟಿಮೇಟಿಗೆ ಷರಾ ಯಾರೂ ಕೇಳುವುದಿಲ್ಲ. ಅದು ನನ್ನ ಸೇರ್ಪಡೆ, ನನ್ನ ಓದಿನ ಡೌಲು. ಮುಂದೆ ಆದದ್ದೆಲ್ಲ ಆ ಕಾಲಂನಲ್ಲಿ ಆಯಿತು, ಆದ್ದರಿಂದ ಇದನ್ನು ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.

ಶೆಡ್ಡಿನಲ್ಲಿ ಪಾಲಿಶ್ ಕೆಲಸ ಮಾಡುತ್ತಿದ್ದವರು ಮೌಲಾಲಿ ಚಾಚಾ. ಆಳಂದದವರು, ಅರವತ್ತು ದಾಟಿದವರು, ಮಾವನ ಹತ್ತಿರ ಇಪ್ಪತ್ತು ವರ್ಷ ದುಡಿದವರು. ಅವರ ಕೈಯ ಪಾಲಿಶ್ ಇದ್ದರೇ ಬಾಗಿಲು ಇಳಿಸಿಕೊಳ್ಳುತ್ತೇವೆ ಎನ್ನುವ ಮನೆಗಳು ಯಡ್ರಾಮಿಯವರೆಗೂ ಇದ್ದವು. ಚಪಡಾ, ಅಂದರೆ ಅರಗಿನ ತೆಳು ಚಕ್ಕೆಗಳನ್ನು, ರಾತ್ರಿ ಸ್ಪಿರಿಟ್ಟಿನಲ್ಲಿ ನೆನೆಹಾಕಿ ಬೆಳಿಗ್ಗೆ ಸೋಸುತ್ತಿದ್ದರು. ಹತ್ತಿಯ ಉಂಡೆಯನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಅದರಲ್ಲಿ ಅದ್ದಿ, ಕಟ್ಟಿಗೆಯ ಮೇಲೆ ಸಣ್ಣ ಸಣ್ಣ ಸುತ್ತು ಹಾಕುತ್ತ ಹೋಗುವುದು. ಒಂದು ಪದರ ಒಣಗಿದ ಮೇಲೆ ಇನ್ನೊಂದು, ಹೀಗೆ ಹದಿನೈದು ಇಪ್ಪತ್ತು. ನಾನು ಓದಲು ಬೇಸರವಾದಾಗ ಅವರ ಎದುರು ಕುಳಿತು ಆ ಕೈ ತಿರುಗುವುದನ್ನು ನೋಡುತ್ತಿದ್ದೆ. ಮಳೆಗಾಲದಲ್ಲಿ ಅವರು ಗೊಣಗುತ್ತಿದ್ದರು. ಗಾಳಿ ಹಸಿ ಇದ್ದರೆ ಚಪಡಾ ಬೆಳ್ಳಗೆ ಮಂಜು ಹಿಡಿಯುತ್ತದೆ, ಒಣಗುವುದಿಲ್ಲ. ಈ ಕಾಲದಲ್ಲಿ ಕೆಲಸ ಹೇಳುವವರಿಗೆ ಬುದ್ಧಿಯಿಲ್ಲ ಎನ್ನುತ್ತಿದ್ದರು.

ಬುದ್ಧಿಯಿಲ್ಲದೆ ಅಲ್ಲ, ಲೆಕ್ಕ ಹಾಕಿಯೇ ಶ್ರಾವಣದಲ್ಲಿ ಕೆಲಸ ಹೇಳಿದ ಒಬ್ಬ ಗಿರಾಕಿ ಬಂದ. ಯಡ್ರಾಮಿ ರಸ್ತೆಯಲ್ಲಿ ಬಾರು ನಡೆಸುತ್ತಿದ್ದ ಮನುಷ್ಯ, ಎಲ್ಲರೂ ಅವನನ್ನು ಸಾವ್ಕಾರ ಎಂದೇ ಕರೆಯುತ್ತಿದ್ದರು. ಶ್ರಾವಣದಲ್ಲಿ ನಮ್ಮ ಕಡೆ ಅರ್ಧ ಮಂದಿ ಕುಡಿಯುವುದು ಬಿಡುತ್ತಾರೆ, ಒಂದು ತಿಂಗಳ ಮಟ್ಟಿಗೆ. ಆದ್ದರಿಂದ ಬಾರಿನವರು ಸುಣ್ಣ ಬಣ್ಣ, ರಿಪೇರಿ ಎಲ್ಲ ಆ ತಿಂಗಳಲ್ಲೇ ಮಾಡಿಸುತ್ತಾರೆ. ಸಾವ್ಕಾರ ಮನೆಯೊಳಗೆ ಬರಲಿಲ್ಲ. ಮಾವ ಅವನನ್ನು ಬೀದಿಯಲ್ಲೇ, ಬೇವಿನ ಗಿಡದ ಕೆಳಗೆ, ಮಾತಾಡಿಸಿ ಕಳಿಸಿದರು. ಆಮೇಲೆ ನನ್ನನ್ನು ಕರೆದು ಹೇಳಿದರು: ಬಾರಿನ ಕೌಂಟರಿನ ಮೇಲಿನ ಹಲಗೆ ಕೆಟ್ಟಿದೆ, ಬೇರೆ ಯಾರೋ ಮಾಡಿದ್ದು, ಅದನ್ನು ಕೆರೆದು ಹೊಸದಾಗಿ ಪಾಲಿಶ್ ಮಾಡಲು ಎಷ್ಟು ಬೀಳುತ್ತದೆಂದು ನೋಡಿ ಬರಬೇಕು. ತಾವು ಬಾರಿನ ಹೊಸ್ತಿಲು ತುಳಿಯುವುದಿಲ್ಲ. ಮೌಲಾಲಿ ಚಾಚಾ ನೋಡಿ ಹೇಳುತ್ತಾರೆ, ನಾನು ಬರೆದುಕೊಂಡು ಬಂದರೆ ಸಾಕು.

ಅತ್ತಿ, ಅಂದರೆ ಮಾವನ ಹೆಂಡತಿ, ಅಡುಗೆಮನೆಯಿಂದಲೇ ಕೇಳಿಸಿಕೊಂಡಿದ್ದರು. "ಮದುವಿ ಆಗ್ದಿದ್ದ ಹುಡುಗೀನ ಬಾರಿಗಿ ಕಳಸ್ತೀರಿ? ಛಲೋ ಆತು."

"ಹತ್ತಕ್ಕ ಯಾರೂ ಇರಂಗಿಲ್ಲ ಅಲ್ಲಿ. ಮುಂಜಾನಿ ಅದು ಬಾರ್ ಅಲ್ಲ, ಖಾಲಿ ಕೋಣಿ," ಎಂದರು ಮಾವ.

"ಖಾಲಿ ಕೋಣಿ ಅಂದ ಮ್ಯಾಲ ನೀವೇ ಹೋಗ್ರಿ." ಅತ್ತಿ ಹೊರಗೆ ಬಂದು ನನ್ನ ಕಡೆ ತಿರುಗಿದರು. "ನಿಮ್ಮ ಮಾವಗ ಬಾರಿನ ಕೆಲಸ ಬೇಕು, ಬಾರಿನ ಬಾಗಿಲ ಬ್ಯಾಡ."

ಮಾವ ನಕ್ಕುಬಿಟ್ಟರು. ನಾನೂ ನಕ್ಕೆ. ಬಾರಿನ ಒಳಗೆ ಹೇಗಿರುತ್ತದೆ ನೋಡಬೇಕೆಂಬ ಕುತೂಹಲ ನನಗಿತ್ತು. ಬಲವಂತಕ್ಕೆ ಹೋದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಒಪ್ಪಲು ತಡಮಾಡಿದವರು ಚಾಚಾ. ಶರಾಬಿನ ಅಂಗಡಿಯ ಕೆಲಸ ತಾವು ಮಾಡುವುದಿಲ್ಲವೆಂದು ಅವರು ಕೆಲಸಕ್ಕೆ ಸೇರಿದ ದಿನವೇ ಮಾವನಿಗೆ ಹೇಳಿದ್ದರಂತೆ. ಕೆಲಸ ಮಾಡಬೇಡಿ, ಕಲಬುರಗಿಯಿಂದ ಮಶೀನಿನಲ್ಲಿ ಪಾಲಿಶ್ ಹೊಡೆಯುವವರು ಬರುತ್ತಾರೆ, ನೀವು ನೋಡಿ ಹೇಳಿದರೆ ಸಾಕು ಎಂದರು ಮಾವ. ಚಾಚಾ ನನ್ನನ್ನು ನೋಡಿದರು. "ಬೇಟಿ ಒಬ್ಬಾಕಿ ಹೋಗೋದು ಬ್ಯಾಡ. ಬರ್ತೇನಿ," ಎಂದು ಟೇಪು ಕಿಸೆಗೆ ಹಾಕಿಕೊಂಡರು.

ಜಿಟಿಜಿಟಿ ಮಳೆ. ಕರಿ ಮಣ್ಣು ಚಪ್ಪಲಿಗೆ ಮೆತ್ತಿ ಹೆಜ್ಜೆಹೆಜ್ಜೆಗೂ ಭಾರವಾಗುತ್ತಿತ್ತು. ಬಾರಿನ ಶಟರು ಅರ್ಧ ಎತ್ತಿತ್ತು, ಬಗ್ಗಿ ಒಳಗೆ ಹೋದೆವು. ಒಳಗಿನ ವಾಸನೆ ಒಂದಲ್ಲ. ಮೇಲೆ ಫಿನಾಯಿಲು, ಅದರ ಕೆಳಗೆ ಹುಳಿ, ಅದರ ಕೆಳಗೆ ಯಾರೋ ಕಾರಿಕೊಂಡು ಒರೆಸಿದ ಮೂಲೆ. ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಏರಿಸಿಟ್ಟಿದ್ದರು. ಗೋಡೆಯ ಉದ್ದಕ್ಕೂ ಕೌಂಟರು, ಅದರ ಮೇಲೆ ಆ ಹಲಗೆ. ದೂರದಿಂದ ಅದು ಹಲಗೆಯಂತೆ ಕಾಣುತ್ತಲೇ ಇರಲಿಲ್ಲ, ಟಾರು ಸುರಿದ ರಸ್ತೆಯ ತುಂಡಿನಂತೆ ಕಂಡಿತು. ಬರೆಯುವ ಪ್ಯಾಡು ಇಡಲು ಹೋಗಿ ಅದರ ಮೇಲೆ ಅಂಗೈ ಊರಿದೆ. ಹಲಗೆ ನನ್ನ ಕೈ ಹಿಡಿದುಕೊಂಡಿತು. ಎಳೆದಾಗ ಚರ್ಮ ಸುಲಿದಂತೆ ಸದ್ದಾಯಿತು, ಅಂಗೈ ತುಂಬ ಕಂದು ಜಿಗುಟು.

ಆಮೇಲೆ ಒಂದೊಂದೇ ಕಾಣತೊಡಗಿತು. ಗ್ಲಾಸಿನ ತಳದ ಬಿಳಿ ಬಳೆಗಳು, ಒಂದರ ಮೇಲೊಂದು, ನೂರಾರು. ಕುಡಿಯುವವರು ಮೊಣಕೈ ಊರುವ ಕಡೆ ತಗ್ಗುಗಳು, ತಗ್ಗಿನಲ್ಲಿ ಅಂಗಿಯ ದಾರ. ಶೇಂಗಾ ಸಿಪ್ಪೆ, ನೊಣ, ಯಾರದೋ ಮೀಸೆಯ ಕೂದಲು, ಎಲ್ಲ ಜೇನಿನಲ್ಲಿ ಬಿದ್ದಂತೆ ಮುಳುಗಿ ಗಟ್ಟಿಯಾಗಿದ್ದವು. ಅಂಟು ತಡೆಯಲು ಮೇಲೆ ಪೇಪರು ಹಾಸಿದ್ದರಂತೆ. ಪೇಪರು ಅಂಟಿ, ಹರಿದು ತೆಗೆದಾಗ ಅಕ್ಷರ ಕಟ್ಟಿಗೆಯ ಮೇಲೆ ಉಳಿದಿತ್ತು, ತಿರುಗುಮುರುಗಾಗಿ. ಒಂದು ಶ್ರದ್ಧಾಂಜಲಿ ಜಾಹೀರಾತಿನ ಅರ್ಧ ಮುಖವೂ ಇತ್ತು, ಒಂದು ಕಣ್ಣು, ಅರ್ಧ ವಿಭೂತಿ. ಈ ಮುಖವನ್ನು ನಾನು ನಿಜವಾಗಿ ಕಂಡೆನೋ, ಆಮೇಲಿನ ವರ್ಷಗಳಲ್ಲಿ ನನ್ನ ಹೇಸಿಗೆ ಅದನ್ನು ಅಲ್ಲಿ ಅಂಟಿಸಿತೋ ಹೇಳಲಾರೆ. ಸೆರಗಿಗೆ ಕೈ ಒರೆಸಿದೆ, ಸೆರಗೂ ಅಂಟಿತು.

ಸಾವ್ಕಾರ ಹಿಂದಿನ ಬಾಗಿಲಿನಿಂದ ಬಂದ. ಆರು ತಿಂಗಳಲ್ಲಿ ಹೀಗಾಗಿದೆ, ಮಂದಿ ಗ್ಲಾಸು ಎತ್ತಿದರೆ ಗ್ಲಾಸು ಬರುವುದಿಲ್ಲ, ಬಿಲ್ಲು ಇಟ್ಟರೆ ಬಿಲ್ಲು ಬರುವುದಿಲ್ಲ ಎಂದ. ಚಾಚಾ ಟೇಪು ಹಿಡಿದರು, ನಾನು ಅಳತೆ ಬರೆದುಕೊಂಡೆ. ಕಿಸೆಯ ಸಣ್ಣ ಚಾಕುವಿನಿಂದ ಅಂಚಿನಲ್ಲಿ ಸ್ವಲ್ಪ ಕೆರೆದು, ಆ ಕರಿ ಉಂಡೆಯನ್ನು ಬೆರಳಲ್ಲಿ ತಿಕ್ಕಿ ಮೂಸಿದರು. "ಚಪಡಾ," ಎಂದರು. "ಯಾರು ಮಾಡ್ಯಾರ ಇದನ್ನ? ಚಪಡಾ ಸ್ಪಿರಿಟ್‌ನಾಗ ಕರಗಿಸಿ ಹಚ್ಚೋದು. ಅದರ ಮ್ಯಾಲ ಶರಾಬ್ ಬಿದ್ರ ಮತ್ತ ಕರಗ್ತದ. ಇಷ್ಟೂ ತಿಳೀಲಾರ್ದವ ಪಾಲಿಶ್ ಮಾಡ್ತಾನೇನು?" ಹೇಳುತ್ತ ಹಲಗೆಯ ಎಡತುದಿಯವರೆಗೆ ಕೆರೆಯುತ್ತ ಹೋದರು. ಅಲ್ಲಿ ಚಾಕು ನಿಂತಿತು.

ಕರಿಯ ಕೆಳಗೆ ಸಾಗವಾನಿಯ ಹಳದಿ ಕಂಡಿತ್ತು. ಅದರ ನಡುವೆ ಶೀಶಮ್ಮಿನ, ಅಂದರೆ ಕಪ್ಪು ಬೀಟೆಯ, ಒಂದು ಸಣ್ಣ ತುಂಡು, ನಾಲ್ಕು ಮೂಲೆಯದು, ಶಂಕರಪೋಳಿಯ ಆಕಾರದ್ದು. ಕಟ್ಟಿಗೆಯಲ್ಲಿ ಗಂಟು ಉದುರಿ ತೂತಾದ ಕಡೆ ಬೇರೆಯವರು ಲಾಂಬಿ, ಅಂದರೆ ಪುಟ್ಟಿ, ಮೆತ್ತುತ್ತಾರೆ. ಚಾಚಾ ಹೀಗೆ ತುಂಡು ಕತ್ತರಿಸಿ ಕೂರಿಸುತ್ತಿದ್ದರು. ಜೇವರ್ಗಿಯಲ್ಲಿ ಬೇರೆ ಯಾರೂ ಅದನ್ನು ಮಾಡುತ್ತಿರಲಿಲ್ಲ. ಅವರು ಹೆಬ್ಬೆರಳಿನಿಂದ ಅದನ್ನು ಒರೆಸಿದರು, ಮತ್ತೆ ಒರೆಸಿದರು.

"ಸಾವ್ಕಾರ್ರೆ, ಈ ಹಲಗಿ ಎಲ್ಲಿಂದು?"

"ಎಲ್ಲಿಂದಂದ್ರ? ನಿಮ್ಮ ಶರಣಪ್ಪನೋರೇ ಮಾಡಿ ಕೊಟ್ಟಾರ. ಅದಕ್ಕೇ ಅವರಿಗಿ ಹೇಳೇನಿ, ಅರ್ಧ ಖರ್ಚು ನೀವು ಹಾಕ್ಕೋರಿ ಅಂತ."

"ಇದು ಮಠದ್ದು," ಎಂದರು ಚಾಚಾ. ದನಿ ಏರಲಿಲ್ಲ. "ದಾಸೋಹದ ಮನಿಗಿ ಮಾಡಿದ್ದು."

ಸಾವ್ಕಾರನಿಗೆ ನಗು ತಡೆಯಲಾಗಲಿಲ್ಲ. "ಮಠದ್ದೇ ತಿಳ್ಕೋ ಮಿಸ್ತ್ರಿ. ಭಕ್ತರು ಅಲ್ಲಿಗಿಂತ ಇಲ್ಲಿಗೇ ಹೆಚ್ಚ ಬರ್ತಾರ."

ವಾಪಸು ಬರುವಾಗ ದಾರಿಯಲ್ಲಿ ಚಾಚಾ ಸ್ವಲ್ಪ ಹೇಳಿದರು, ಉಳಿದದ್ದನ್ನು ಅತ್ತಿಯಿಂದ ತಿಳಿದೆ. ಎರಡನ್ನೂ ನಾನು ಸೇರಿಸಿಕೊಂಡಿದ್ದೇನೆ. ಮಾಘ ಮಾಸದಲ್ಲಿ ಮಾವ ಆ ಹಲಗೆ ತೋರಿಸಿ, ಯಡ್ರಾಮಿ ಕಡೆಯ ಒಂದು ಮಠದ ದಾಸೋಹಕ್ಕೆ, ಅದರ ಮೇಲೆ ರೊಟ್ಟಿ ಅನ್ನ ಇಟ್ಟು ಬಡಿಸುತ್ತಾರೆ, ಛಲೋ ಆಗಲಿ ಎಂದಿದ್ದರು. ಚಾಚಾ ಮೂರು ವಾರ ಅದೊಂದೇ ಕೆಲಸ ಹಿಡಿದರು. ಅನ್ನ ಇಡುವ ಹಲಗೆಯೆಂದು ಆ ಮೂರು ವಾರ ತಂಬಾಕು ಬಾಯಿಗೆ ಹಾಕಲಿಲ್ಲ. ಕೈ ತೊಳೆಯದೆ ಮುಟ್ಟಲಿಲ್ಲ. ಹೊಳಪು ಹೇಗೆ ಬಂದಿತ್ತೆಂದರೆ ಅತ್ತಿ ಅದರಲ್ಲಿ ತಮ್ಮ ಮೂಗುಬೊಟ್ಟು ನೋಡಿಕೊಂಡಿದ್ದರಂತೆ. ಒಂದು ದಿನ ಬೆಳಿಗ್ಗೆ ಚಾಚಾ ಬರುವ ಮೊದಲೇ ಗಾಡಿ ಬಂದು ಹಲಗೆ ಒಯ್ದಿತ್ತು. ಬಾರಿಗೆಂದು ಒಂದು ಮಾತು ಹೇಳಿದ್ದರೆ ಚಾಚಾ ಕೆಲಸವನ್ನೇ ಮಾಡುತ್ತಿರಲಿಲ್ಲ, ಅಥವಾ ಸ್ಪಿರಿಟ್ ತಡೆಯುವ ಬೇರೆ ಪಾಲಿಶ್ ಹೇಳಿ ಬೇರೆಯವರಿಂದ ಮಾಡಿಸುತ್ತಿದ್ದರು. ಮಾವನಿಗೆ ಕುಡಿತದ ಗಾಳಿಯೂ ಗೊತ್ತಿರಲಿಲ್ಲ. ಬಾರಿನ ಹಲಗೆಯ ಮೇಲೆ ದಿನಾ ಏನು ಚೆಲ್ಲುತ್ತದೆ ಎಂದು ಯೋಚಿಸುವಷ್ಟು ಹತ್ತಿರ ಅವರು ಎಂದೂ ಹೋಗಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಇಷ್ಟೇ: ಮಠ ಎಂದರೆ ಚಾಚಾ ಜೀವ ಇಟ್ಟು ಮಾಡುತ್ತಾರೆ.

ಚಾಚಾ ಶೆಡ್ಡಿಗೆ ಹೋಗಿ ಕುಳಿತರು. ಮಾವನ ಜೊತೆ ಜಗಳವಾಡಲಿಲ್ಲ. ಆದರೆ ಎಸ್ಟಿಮೇಟಿಗೆ ಬೇಕಾದದ್ದನ್ನು ಒಂದೂ ಬಿಡದೆ ನನಗೆ ಹೇಳಿದರು, ಬೇರೆ ಯಾವ ಕೆಲಸಕ್ಕೂ ಹೇಳುವಂತೆಯೇ. ಹಳೆಯದನ್ನು ಸ್ಪಿರಿಟ್ ಹಾಕಿ ಸಡಿಲಿಸಿ ಪೂರ್ತಿ ಕೆರೆಯುವುದು, ಎರಡು ಆಳು, ಎರಡು ದಿನ. ಉಜ್ಜಲು ಒರಟು ಕಾಗದ, ನಡುವಿನ ಕಾಗದ, ನುಣುಪು ಕಾಗದ. ತಗ್ಗಾದ ಕಡೆ ಲಾಂಬಿ. ಸೀಲರು ಎರಡು ಕೈ, ಅದರ ಮೇಲೆ ಮಶೀನಿನ ಗಟ್ಟಿ ಪಾಲಿಶ್ ಮೂರು ಕೈ, ಚದರ ಅಡಿಯ ಲೆಕ್ಕ. ಅಂಚು ಬೇರೆ, ಉದ್ದದ ಲೆಕ್ಕ. "ಮತ್ತ ಬರಿ ಬೇಟಿ, ಮಳಿ ನಿಂತ ಮ್ಯಾಲೇ ಮಾಡಬೇಕು. ಇಲ್ಲಂದ್ರ ಇದೂ ಹಾಳಾಗ್ತದ." ಅದನ್ನೂ ಬರೆದುಕೊಂಡೆ. ತಮ್ಮ ಕೆಲಸವನ್ನು ಕೆರೆದು ಹಾಕಲು ಎಷ್ಟು ಕೂಲಿಯೆಂದು ಅವರು ಬೆರಳು ಮಡಚಿ ಎಣಿಸಿದ್ದು ನನಗೆ ಈಗಲೂ ಕಾಣುತ್ತದೆ.

ಮನೆಯ ಬಾಗಿಲಲ್ಲಿ ಮಾವ ನನ್ನನ್ನು ನಿಲ್ಲಿಸಿದರು. ಬಾರಿಗೆ ಹೋಗಿ ಬಂದಿದ್ದೇನೆ, ಜಳಕ ಮಾಡದೆ ಒಳಗೆ ಬರಬಾರದು, ಶ್ರಾವಣ. ಅತ್ತಿ ಹಿತ್ತಲಲ್ಲಿ ಬಿಸಿನೀರು ಇಟ್ಟುಕೊಟ್ಟರು. ಕೈಯ ಅಂಟು ಸಾಬೂನಿಗೆ ಹೋಗಲಿಲ್ಲ. ಸೀಮೆಎಣ್ಣೆಗೆ ಹೋಗಲಿಲ್ಲ. ಕೊನೆಗೆ ಶೆಡ್ಡಿನಿಂದ ಸ್ವಲ್ಪ ಸ್ಪಿರಿಟ್ ತಂದು ತಿಕ್ಕಿದೆ. ಅಷ್ಟರಲ್ಲಿ ಸಾವ್ಕಾರ ಯಾರ ಕೈಯಲ್ಲೋ ಮುಂಗಡ ಕಳಿಸಿದ್ದ. ನಾನು ತಲೆ ಒರೆಸುತ್ತ ಒಳಗೆ ಬಂದಾಗ ಮಾವ ಆ ನೋಟುಗಳನ್ನು ದೇವರ ಜಗಲಿಯ ಮೇಲೆ, ವಿಭೂತಿಗಟ್ಟಿಯ ಪಕ್ಕ ಇಟ್ಟು ಕೈಮುಗಿಯುತ್ತಿದ್ದರು. ನನ್ನ ಕೈ ಒಳಗೆ ಬರಬಾರದಿತ್ತು, ನೋಟು ಬರಬಹುದಿತ್ತು. ಬಾರಿನಲ್ಲಿ ಹುಟ್ಟಿದ ಹೇಸಿಗೆ ಮತ್ತೆ ಬಂತು, ಈ ಸಲ ಮನೆಯ ನಡುವೆ, ಊದಿನಕಡ್ಡಿಯ ಹೊಗೆಯಲ್ಲಿ.

ಸಂಜೆ, ಷರಾ ಒಂದನ್ನು ಬಿಟ್ಟು ಎಸ್ಟಿಮೇಟ್ ಬರೆದು ಮುಗಿಸಿ, ಚಾಚಾ ಹಲಗೆಯ ಗುರುತು ಹಿಡಿದರು ಎಂದು ಮಾವನಿಗೆ ಹೇಳಿದೆ. ಪ್ರವಚನಕ್ಕೆ ಹೊತ್ತಾಗಿತ್ತು, ಧೋತರ ಉಡುತ್ತಿದ್ದರು.

ಇನ್ನು ಮುಂದಿನ ಹತ್ತು ನಿಮಿಷ ನನಗೆ ಎರಡು ಬಗೆಯಲ್ಲಿ ನೆನಪಿದೆ. ಒಂದರಲ್ಲಿ ಮಾವ ಕನ್ನಡಿಯ ಮುಂದೆ ನಿಂತು, ನನ್ನ ಕಡೆ ನೋಡದೆ, ಒಂದೊಂದೇ ಪದ ಹೇಳುತ್ತಾರೆ, ನಾನು ಬರೆಯುತ್ತೇನೆ. ಇನ್ನೊಂದರಲ್ಲಿ ಅವರು ಹೇಳುವುದು ಇಷ್ಟೇ: "ಕಡೀ ಕಾಲಂ ಖಾಲಿ ಬಿಡಬ್ಯಾಡ. ಹ್ಯಾಂಗ ಕೆಟ್ಟಿತು ಅಂತ ಅಂವ ಕೇಳ್ತಾನ. ಏನರ ಬರಿ, ನಮ್ಮ ಮ್ಯಾಲ ಬರಬಾರ್ದು." ಹೇಳಿ ಛತ್ರಿ ತೆಗೆದುಕೊಂಡು ಹೋಗುತ್ತಾರೆ. ನಾನು ಪೆನ್ನಿನ ತುದಿ ಕಚ್ಚುತ್ತ ಕುಳಿತು ಒಂದು ವಾಕ್ಯ ಕಟ್ಟುತ್ತೇನೆ.

ವಾಕ್ಯ ಮಾತ್ರ ಎರಡೂ ನೆನಪಿನಲ್ಲಿ ಒಂದೇ: "ಹಿಂದಿನ ಪಾಲಿಶ್ ಹಾಳಾಗಲು ಕಾರಣ ಪಾಲಿಶ್ ಮಿಸ್ತ್ರಿಯ ಅಜ್ಞಾನ, ಇದರಲ್ಲಿ ಕಾರ್ಖಾನೆಯ ಹೊಣೆ ಇರುವುದಿಲ್ಲ." ಅಜ್ಞಾನ ಮಾವ ದಿನಾ ಪ್ರವಚನದಲ್ಲಿ ಕೇಳುವ ಮಾತು. ಆದ್ದರಿಂದ ವಾಕ್ಯ ಅವರದೇ ಎಂದು ಹಿಡಿದುಕೊಂಡು ನಾನು ಎಷ್ಟೋ ವರ್ಷ ನೆಮ್ಮದಿಯಾಗಿದ್ದೆ. ಆದರೆ ವಾಕ್ಯ ತುಂಬ ಚೆನ್ನಾಗಿದೆ. ಎಲ್ಲೂ ಸಡಿಲವಿಲ್ಲ, ಯಾರ ಹೆಸರೂ ಇಲ್ಲ, ಆದರೂ ಯಾರೆಂದು ಗೊತ್ತಾಗುತ್ತದೆ. ಹಳೆಯ ದಫ್ತರುಗಳಲ್ಲಿ ಇಂಥ ವಾಕ್ಯಗಳನ್ನು ಓದಿ ನಾನು ಮೆಚ್ಚಿಕೊಂಡಿದ್ದೆ. ನನ್ನ ಅನುಮಾನ ಅಲ್ಲಿಂದ ಹುಟ್ಟುತ್ತದೆ.

ಸಾವ್ಕಾರ ಆ ಷರಾ ಒಪ್ಪಿಕೊಂಡ. ಅರ್ಧ ಖರ್ಚಿನ ಮಾತು ಬಿಟ್ಟ. ತಪ್ಪು ಶರಣಪ್ಪನವರದಲ್ಲ, ಮಿಸ್ತ್ರಿಯದು ಎಂಬುದು ಕಾಗದದ ಮೇಲೆ ಸಹಿಯೊಂದಿಗೆ ಬಂದಿತ್ತಲ್ಲ. ಆದರೆ ಕಾಗದವನ್ನು ಮಡಚಿ ಇಡುವ ಮನುಷ್ಯನಲ್ಲ ಅವನು. ಫೋಟೊ ತೆಗೆದು ಪರಿಚಯದವರಿಗೆ ಕಳಿಸಿದ. ವಾರದೊಳಗೆ ಫರ್ನಿಚರ್ ಅಂಗಡಿಗಳ ಮುಂದೆ ಅದೇ ಮಾತು: ಮೌಲಾಲಿಯ ಪಾಲಿಶ್ ಬೆವರಿಗೂ ಕರಗುತ್ತದಂತೆ. ಒಂದು ಮದುವೆಯ ಮಂಚದವರು ಬಂದು, ಮಂಚ ಮಾಡಿ ಕೊಡಿ, ಪಾಲಿಶ್ ಬೇರೆಯವರ ಕೈಲಿ ಮಾಡಿಸಿಕೊಳ್ಳುತ್ತೇವೆ ಎಂದರು. ಚಾಚಾ ಅಲ್ಲೇ ನಿಂತಿದ್ದರು. ಮಾವ "ಆತ್ರಿ" ಎಂದರು.

ಅದರ ಮರುದಿನ ಚಾಚಾ ಮಾಳಿಗೆಗೆ ಬಂದರು. ಅವರು ಎಂದೂ ಮೇಲೆ ಬಂದವರಲ್ಲ. ಮೆಟ್ಟಿಲ ಕೊನೆಯಲ್ಲಿ ಚಪ್ಪಲಿ ಬಿಟ್ಟು ನಿಂತರು. ಕೈಯಲ್ಲಿ ಎಸ್ಟಿಮೇಟಿನ ಕಾರ್ಬನ್ ಪ್ರತಿ. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಉರ್ದು ಅಷ್ಟಿಷ್ಟು.

"ಬೇಟಿ, ಜರ ಓದಿ ಹೇಳು. ಮಂದಿ ಏನೇನೋ ಅನ್ನಾಕತ್ತಾರ."

ನಾನು ಓದಿದೆ. ಕೆರೆಯುವುದು, ಎರಡು ಆಳು. ಕಾಗದ ಮೂರು ನಮೂನೆ. ಲಾಂಬಿ. ಸೀಲರು. ಅವರು ಪ್ರತಿಯೊಂದಕ್ಕೂ "ಬರಾಬರ್" ಎಂದು ತಲೆ ಆಡಿಸಿದರು. ಮೊತ್ತ ಓದಿ ಕಾಗದವನ್ನು ಮಡಚಲು ಹೋದೆ.

"ಷರಾ?" ಎಂದರು.

ಆ ಪದ ಅವರಿಗೆ ಗೊತ್ತಿರುತ್ತದೆಂದು ನನಗೆ ಹೊಳೆದಿರಲಿಲ್ಲ. ತಹಶೀಲ್ದಾರರ ಕಚೇರಿಗೆ ಅಲೆದ ಯಾವ ಮುದುಕರಿಗೂ ಗೊತ್ತಿರುವ ಪದ ಅದು. ನಾನು ದಫ್ತರಿನಿಂದ ಎತ್ತಿ ತಂದು ಶೋಕಿಗೆ ಬರೆದದ್ದು ಅವರ ಮನೆಯ ಮಾತಾಗಿತ್ತು.

"ಖಾಲಿ ಅದ ಚಾಚಾ," ಎಂದೆ.

ಅವರು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಬಿಚ್ಚಿದರು. ಆ ಅಗಲ ಕಾಲಂನಲ್ಲಿ ಎರಡು ಸಾಲು ತುಂಬಿ ನಿಂತಿದ್ದವು, ನೀಲಿ ಕಾರ್ಬನ್ನಿನಲ್ಲಿ, ನನ್ನ ಒಳ್ಳೆಯ ಅಕ್ಷರದಲ್ಲಿ. ಓದಲು ಬರದವರಿಗೂ ಖಾಲಿ ಯಾವುದು, ತುಂಬಿದ್ದು ಯಾವುದು ಕಾಣುತ್ತದೆ. ಹಲಗೆಯ ಮೇಲಿನ ಶೀಶಮ್ಮಿನ ತುಂಡನ್ನು ಒರೆಸಿದ ಹಾಗೆಯೇ ಆ ಸಾಲುಗಳ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ನಾಲ್ಕಾಗಿ ಮಡಚಿ ಕಿಸೆಯಲ್ಲಿಟ್ಟುಕೊಂಡರು. "ಛಲೋ ಓದು ಬೇಟಿ. ಪರೀಕ್ಷಾ ಪಾಸ್ ಆಗು," ಎಂದು ಇಳಿದು ಹೋದರು. ಶ್ರಾವಣ ಮುಗಿಯುವ ಮೊದಲೇ ಆಳಂದಕ್ಕೆ, ಮಗಳ ಮನೆಗೆ ಹೋಗಿಬಿಟ್ಟರು. ಚಪಡಾ ನೆನೆಹಾಕಿದ್ದ ಡಬ್ಬಿ ಶ್ರಾವಣ ಕಳೆದರೂ ಶೆಡ್ಡಿನ ಮೂಲೆಯಲ್ಲೇ ಇತ್ತು. ಬಾರಿನ ಹಲಗೆಯನ್ನು ಮಳೆಯಲ್ಲೇ ಮುಗಿಸಿದರು, ಚಾಚಾ ಹೇಳಿ ಬರೆಸಿದ ಮಾತು ಯಾರೂ ಕೇಳಲಿಲ್ಲ. ಅದು ಮತ್ತೆ ಕೆಟ್ಟಿತೋ ಉಳಿಯಿತೋ ಗೊತ್ತಿಲ್ಲ. ನಾನು ಪರೀಕ್ಷೆ ಪಾಸಾದೆ.

ಆಳಂದದ ಮೇಲೆ ನಾನು ಎಷ್ಟು ಸಲ ಹಾದು ಹೋಗಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ. ತವರಿಗೆ ಹೋಗುವ ಬಸ್ಸು ಅಲ್ಲಿಯೇ ಬದಲಿಸಬೇಕು. ಚಾಚಾ ಇದ್ದಾರೆ ಎಂದು ಕೇಳಿದ್ದೇನೆ, ಕಣ್ಣು ಮಂಜಾಗಿದೆ ಎಂದೂ. ಬಸ್‌ಸ್ಟ್ಯಾಂಡಿನಿಂದ ಮನೆ ಹತ್ತು ನಿಮಿಷದ ದಾರಿಯಂತೆ. ಹೋಗಿ ಏನು ಹೇಳುವುದು? ಮಾವನ ಮಾತು ಬರೆದುಕೊಟ್ಟೆ, ತಪ್ಪಾಯಿತು ಎನ್ನುವುದೋ, ನನ್ನದೇ ಮಾತು, ತಪ್ಪಾಯಿತು ಎನ್ನುವುದೋ? ಅದು ತಿಳಿಯದೆ ಕ್ಷಮೆ ಕೇಳುವುದು ಹೇಗೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಬಂದಿದ್ದೇನೆ. ಖಾಲಿ ಅದ ಎಂದದ್ದಂತೂ ನಾನೇ, ಅದಕ್ಕೆ ಯಾವ ಮಾವನೂ ಬೇಕಿರಲಿಲ್ಲ. ಆದ್ದರಿಂದ ಇದು ನೆಪ ಎಂಬುದೂ ನನಗೆ ಗೊತ್ತಿದೆ. ಬೇರೆಯವರ ನೆಪ ಕಂಡು ಮೂಗು ಮುಚ್ಚಿಕೊಂಡವಳು ನಾನು.

ಗಾಣಗಾಪುರದಲ್ಲಿ ಕೈ ತೊಳೆದ ವಾರ, ಭಾನುವಾರ, ಜೇವರ್ಗಿಗೆ ಹೋದೆ. ಶೆಡ್ಡಿನಲ್ಲಿ ಈಗ ಎಲ್ಲ ಪ್ಲೈವುಡ್ಡು, ಮೇಲೆ ಅಂಟಿಸುವ ಮೈಕಾ ಶೀಟು. ಪಾಲಿಶ್ ಕೇಳುವವರೇ ಇಲ್ಲ ಎಂದರು ಮಾವ. ವಯಸ್ಸಾಗಿದೆ, ವಿಭೂತಿ ಹಾಗೆಯೇ ಇದೆ. ಅತ್ತಿ ಚಹಾ ತಂದಿಟ್ಟು, ನನ್ನ ಮುಖ ನೋಡಿ ಅಲ್ಲೇ ಕುಳಿತರು. ನಾನು ಬಾರಿನ ಹಲಗೆಯ ಮಾತು ತೆಗೆದೆ. "ಈಗ್ಯಾಕ ಬೇ ಅದು?" ಎಂದರು ಅತ್ತಿ, ಆದರೆ ಏಳಲಿಲ್ಲ. ಮಾವ ಟೇಬಲ್ಲಿನ ಅಂಚಿನಲ್ಲಿ ಮೈಕಾ ಎದ್ದ ಕಡೆ ಹೆಬ್ಬೆರಳಿನಿಂದ ಒತ್ತುತ್ತ, ನಮ್ಮ ಕಾಲೇಜಿನ ಹೊಸ ಕಟ್ಟಡ ಮುಗಿಯಿತೇ ಎಂದು ಕೇಳಿದರು. ಮುಗಿದಿಲ್ಲ ಎಂದೆ. ಒತ್ತಿದ ಮೈಕಾ ಮತ್ತೆ ಎದ್ದಿತು, ಅವರು ಮತ್ತೆ ಒತ್ತಿದರು. ನಾನು ಇನ್ನೊಮ್ಮೆ, ಅವರಿಗೆ ಕೇಳಿಸುವಂತೆ ಕೇಳಿದೆ:

"ಮಾವಾ, ಆ ಕಾಗದದ ಕಡೀ ಕಾಲಂದಾಗಿನ ಮಾತು ನೀವು ಹೇಳಿ ಬರಸಿದ್ರೋ, ನಾನೇ ಬರದು ನಿಮ್ಮ ಕೈಯಾಗ ಕೊಟ್ಟೆನೋ?"